ಮಾಶಿಮಾರ ಬಟ್ಟಲಿನಲ್ಲಿ ಹೋಳಿಗೆಯ ಕಟ್ಟು

ಹೀರೇಕಾಯಿ ಸಿಪ್ಪೆಯ ಚಟ್ನಿಯನ್ನು ಬೆರಳಿನಿಂದ ಎಲೆಯ ಅಂಚಿಗೆ ದೂಡಿ, "ನೆಂಟರಿಗೆ ಸಿಪ್ಪಿ ತಿನ್ನಿಸಿ ಕಳಸೋ ಮನಿ ಇದು" ಎಂದು ಗುಂಡಪ್ಪ ಪಂಕ್ತಿಯಲ್ಲಿ ಕೂತು ಅಂದದ್ದನ್ನು ಉಮಾಪತಿ ಇವತ್ತಿಗೂ ಮರೆತಿಲ್ಲ. ಅಂದದ್ದು ಮಗಳು ಸ್ಪೂರ್ತಿಯ ಹೆಸರಿಡುವ ದಿನ. ಆ ಮಗಳು ಈಗ ಕಾಲೇಜು ಮುಗಿಸಿ ಆಫೀಸಿಗೆ ಹೋಗುತ್ತಾಳೆ. ಮಾತು ಮಾತ್ರ ನಿನ್ನೆ ಆಡಿದಷ್ಟು ಹಸಿಯಾಗಿದೆ.

ಗುಂಡಪ್ಪ ಎಂದರೆ ಉಮಾಪತಿಯ ಹೆಂಡತಿ ವಾಸಂತಿಯ ಅಣ್ಣ. ಆ ದಿನ ಉಮಾಪತಿಯೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. "ಸಿಪ್ಪಿ ತಿನ್ನಾಕ ಆಗದವರು ಎದ್ದು ಹೋಗಬಹುದು" ಎಂದ. ಗುಂಡಪ್ಪ ಎದ್ದು ಹೋದ. ಆಮೇಲೆ ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲ. ವಾಸಂತಿ ಗಂಡನಿಗೂ ಏನೂ ಅನ್ನಲಿಲ್ಲ, ಅಣ್ಣನಿಗೂ ಅನ್ನಲಿಲ್ಲ. ಆದರೆ ಪ್ರತಿ ಹಬ್ಬಕ್ಕೂ ಹೋಳಿಗೆಯ ಮೊದಲನೆಯದನ್ನು ಬಡಿಸುವಾಗ ಒಂದು ಗಳಿಗೆ ಬಾಗಿಲ ಕಡೆ ನೋಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಉಮಾಪತಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಗದಗಿನ ಕಡೆಯವನು ಅವನು. ಆರನೆಯ ಇಯತ್ತೆಗೆ ಶಾಲೆ ಸಾಕಾಯಿತು. ಸೋದರಮಾವನ ಹಿಂದೆ ಕಲ್ಕತ್ತೆಗೆ ಬಂದು ರೈಲ್ವೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ನಿಂತವನು, ಅಲ್ಲೇ ಅಡುಗೆಯವನಾದ. ಅದೇ ಊರಿನ ಬೆಹಾಲಾ ಬಡಾವಣೆಯ ಒಂದು ಹಳೆಯ ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದ. ತಾಯಿ ಇಂದಿರಮ್ಮ ಕಲಿಸಿದ್ದನ್ನು ಅವನು ಎಲ್ಲಿ ಹೋದರೂ ಬಿಡಲಿಲ್ಲ. ಕೊತ್ತಂಬರಿಯ ದಂಟು ಸಾರಿಗೆ, ಕಲ್ಲಂಗಡಿಯ ಬಿಳಿ ತಿರುಳು ಪಲ್ಯಕ್ಕೆ, ಮಿಕ್ಸಿ ತೊಳೆದ ನೀರು ಹುಳಿಗೆ. ಬೆಣ್ಣೆ ಕಾಸಿದ ಪಾತ್ರೆಯ ತಳದ ಗಸಿಗೆ ಬೆಲ್ಲ ಹಾಕಿ ರೊಟ್ಟಿಗೆ ಹಚ್ಚುವುದು. ಉಪ್ಪಿನಕಾಯಿಯ ಜಾಡಿ ಬರಿದಾದ ದಿನ ಅದರೊಳಗೇ ಬಿಸಿ ಅನ್ನ ಸುರಿದು, ಒರೆಸಿ, ಕಲಸಿ ತಿನ್ನುವುದು. ಆ ಅನ್ನಕ್ಕೆ ಮನೆಯಲ್ಲಿ ಜಗಳವಾಗುತ್ತಿತ್ತು. ಇದನ್ನು ಜಿಪುಣತನ ಅಂದವರ ನಾಲಿಗೆಗೆ ರುಚಿ ಗೊತ್ತಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ.

ಈ ಸಲದ ಯುಗಾದಿಗೆ ಮುಂಚೆ ಫೋನ್ ಬಂತು. ಗುಂಡಪ್ಪ ಯಾರದೋ ಮದುವೆಗೆ ಕಲ್ಕತ್ತೆಗೆ ಬರುತ್ತಾನೆ, ಹಬ್ಬದ ಊಟಕ್ಕೆ ತಂಗಿಯ ಮನೆಗೆ ಬರುತ್ತಾನೆ. ವಾಸಂತಿ ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಎದುರಿಗೆ ಬಂದು ನಿಂತಳು.

"ನೋಡ್ರೀ, ನಾ ಯಾವತ್ತೂ ಏನೂ ಕೇಳಿಲ್ಲ. ಅವತ್ತ ಒಂದ ದಿನ ಸಿಪ್ಪಿ ಬ್ಯಾಡ, ದಂಟು ಬ್ಯಾಡ, ತೊಳದ ನೀರು ಬ್ಯಾಡ. ಮತ್ತ ಅವ ಏನರ ಅಂದ್ರೂ ನೀವು ಬಾಯಿ ತಗೀಬಾರದು."

"ಅವ ಅಂದ್ರ?"

"ಅಂದ್ರೂ."

"ಕಟ್ಟಿನ ಸಾರು?"

"ಅದ ಬೇಕು. ನಮ್ಮಣ್ಣಗ ಹೋಳಿಗಿ ಇರ್ಲಿಕ್ಕರೂ ನಡೀತದ, ಕಟ್ಟಿನ ಸಾರು ಇರ್ಲಿಕ್ಕರ ನಡಿಯಂಗಿಲ್ಲ."

ಹೂರಣಕ್ಕೆ ಕಡಲೆಬೇಳೆ ಬೇಯಿಸಿ ಬಸಿದಾಗ ಇಳಿಯುವ ದಪ್ಪ ನೀರೇ ಕಟ್ಟು. ಅದಕ್ಕೆ ಹುಣಸೆ, ಬೆಲ್ಲ, ಹುರಿದ ಕೊಬ್ಬರಿ, ಲವಂಗ ಬಿದ್ದರೆ ಸಾರು. ಮಾಡುವುದು ಹೋಳಿಗೆ, ಸಿಗುವುದು ಸಾರು. ಬರೀ ಸಾರಿಗೆಂದು ಯಾರೂ ಬೇಳೆ ಬೇಯಿಸುವುದಿಲ್ಲ. ಇದೂ ತೊಳೆದ ನೀರಿನ ಅಣ್ಣತಮ್ಮನೇ ಅಲ್ಲವೇ ಎಂದು ಉಮಾಪತಿಗೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅಭ್ಯಾಸವಾಗಲಿ ಎಂದು.

ಹಬ್ಬದ ಬೆಳಿಗ್ಗೆ ಬೇಳೆ ಅರ್ಧ ಬೆಂದಿತ್ತು, ಗ್ಯಾಸ್ ಮುಗಿಯಿತು. ಬುಕ್ ಮಾಡಿದ ಸಿಲಿಂಡರ್ ಇನ್ನೂ ಬಂದಿರಲಿಲ್ಲ. ಉಮಾಪತಿ ಒಲೆಗೆ ಬೈದ, ಸಿಲಿಂಡರಿಗೆ ಬೈದ, ತರುವವನ ವಂಶಕ್ಕೆ ಬೈದ. ಕೊನೆಗೆ ಪಾತ್ರೆಯನ್ನು ಸ್ಪೂರ್ತಿಯ ಕೈಗೆ ಕೊಟ್ಟ.

"ಕೆಳಗ ಮಾಶಿಮಾರ ಒಲಿ ಮ್ಯಾಲ ಇಡು. ಬೆಂದ ಮ್ಯಾಲ ಚಲೋತ್ನಾಗ ಬಸದು ತಾ."

ಮಾಶಿಮಾ ಎಂದರೆ ಕೆಳಗಿನ ಮನೆಯ ಬಂಗಾಳಿ ಮುದುಕಿ, ಒಬ್ಬರೇ ಇರುವವರು. ಆ ಮಾತಿಗೆ ಬಂಗಾಳಿಯಲ್ಲಿ ಚಿಕ್ಕಮ್ಮ ಎಂದು ಅರ್ಥ, ಬೀದಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವರಿಗೂ ಉಮಾಪತಿಗೂ ಮಹಡಿಯ ನೀರಿನ ತೊಟ್ಟಿಯ ಮೇಲೆ ವಾರಕ್ಕೊಂದು ಜಗಳ. ಆದರೆ ಬೆಂಕಿ ಕೇಳಿದರೆ ಇಲ್ಲವೆನ್ನುವ ಹೆಂಗಸಲ್ಲ.

ಸ್ಪೂರ್ತಿ ತಿರುಗಿ ಬಂದಳು. ಒಂದು ಕೈಯಲ್ಲಿ ಬೇಳೆಯ ಜರಡಿ, ಇನ್ನೊಂದು ಕೈಯಲ್ಲಿ ಮೊಬೈಲು.

"ಕಟ್ಟೆಲ್ಲಿ?"

"ಕೌನ್ಸಾ ಕಟ್ಟು?"

"ಬಸದ ನೀರು! ನೀರೆಲ್ಲಿ?"

"ಅರೇ ಅಪ್ಪಾ, ನೀವೇ ಬಸದು ತಾ ಅಂದ್ರಿ. ಬಸದು ತಂದೆ. ಪಾನಿ ಕಾ ಕ್ಯಾ ಕಾಮ್?"

ಉಮಾಪತಿಯ ಕಿವಿಯ ತುದಿ ಕೆಂಪಾಯಿತು. ಹುಟ್ಟಿದಾಗಿನಿಂದ ವರ್ಷವರ್ಷವೂ ಉಂಡ ಸಾರು. ಅದು ಎಲ್ಲಿಂದ ಬರುತ್ತದೆ ಎಂದು ಈ ಹುಡುಗಿಗೆ ಗೊತ್ತಿಲ್ಲ! ನಲ್ಲಿಯಲ್ಲಿ ಬರುತ್ತದೆ ಎಂದುಕೊಂಡಿದ್ದಳೋ ಏನೋ. "ಮೊಬೈಲ್ ಒತ್ತಿದ್ರ ಊಟ ಬಾಗಲಿಗೆ ಬರ್ತೈತಿ, ನಿಮಗ ಬ್ಯಾಳಿ ಯಾಕ, ನೀರು ಯಾಕ! ನಿಮ್ಮಜ್ಜಿ ಇದ್ದಿದ್ರ ಆ ಜರಡಿ ನಿನ್ನ ತಲಿ ಮ್ಯಾಲ..."

"ನೀವು ಹೇಳಬೇಕಿತ್ತಲ್ಲ, ನೀರು ಇಡು ಅಂತ!"

"ಉಸುರಾಡು ಅಂತ ಹೇಳ್ತಾರೇನು ಯಾರರ?"

ವಾಸಂತಿ ಒಳಗಿನಿಂದ ಬಂದಳು. ಜರಡಿ ನೋಡಿದಳು. ಮಣೆಯ ಮೇಲೆ ಕೂತುಬಿಟ್ಟಳು. ಅವಳು ಹಾಗೆ ಕೂತದ್ದನ್ನು ನೋಡಲಾಗದೆ ಉಮಾಪತಿ ಮೆಟ್ಟಿಲು ಇಳಿದ. ಏನು ಮಾಡಲು ಎಂದು ಅವನಿಗೂ ಗೊತ್ತಿರಲಿಲ್ಲ. ಮೋರಿ ನೋಡಲೋ?

ಮಾಶಿಮಾ ಬಾಗಿಲಲ್ಲೇ ನಿಂತಿದ್ದರು. ಹಬ್ಬದ ದಿನ ಯಾಕೆ ಮಗುವಿಗೆ ಚೀರುತ್ತೀ ಎಂದು ತಮ್ಮ ಬಂಗಾಳಿಯಲ್ಲಿ ಗದರಿದರು. ಉಮಾಪತಿ ತನ್ನ ಅರೆಬರೆ ಬಂಗಾಳಿಯಲ್ಲಿ, ಕೈಸನ್ನೆಯಲ್ಲಿ, ಬೇಳೆಯ ನೀರಿನ ಗೋಳು ಹೇಳಿದ. ಮುದುಕಿ ಅವನನ್ನು ಪೆದ್ದನನ್ನು ನೋಡಿದಂತೆ ನೋಡಿ ಒಳಗೆ ಕರೆದರು.

ಒಲೆಯ ಪಕ್ಕದಲ್ಲಿ ಒಂದು ಹಳೆಯ ಕಂಚಿನ ಬಟ್ಟಲು. ಅದರಲ್ಲಿ ಕಟ್ಟು.

ಅನ್ನ ಬಸಿದ ಗಂಜಿಯನ್ನೇ ಚೆಲ್ಲದ ಮನೆ ಅದು, ಸೀರೆಗಾದರೂ ಹಾಕುತ್ತಾರೆ. ಸ್ಪೂರ್ತಿ ಜರಡಿಯನ್ನು ಬಚ್ಚಲಿನ ಮೇಲೆ ಹಿಡಿದಾಗ ಅವರೇ ಅದರ ಕೆಳಗೆ ಬಟ್ಟಲು ತಳ್ಳಿದ್ದರು. ಹುಡುಗಿ ಮೊಬೈಲ್ ನೋಡುತ್ತಾ ನೀರು ಬಿಟ್ಟು ಹೋದಳು, ಬೆಂಕಿ ಕೊಟ್ಟದ್ದಕ್ಕೆ ತಮ್ಮ ಪಾಲೆಂದು ಬಿಟ್ಟಳೇನೋ ಅಂದುಕೊಂಡರು. ಸಾಸಿವೆ ಎಣ್ಣೆಯಲ್ಲಿ ಕರಿಜೀರಿಗೆ, ಹಸಿಮೆಣಸಿನಕಾಯಿ ಒಗ್ಗರಿಸಿ ಸುರಿದಿದ್ದರು. ಪಕ್ಕದಲ್ಲಿ ಒಂದು ಮುಷ್ಟಿ ಅನ್ನ, ಬಾಣಲೆಯಲ್ಲಿ ಗಸಗಸೆ ಉದುರಿಸಿ ಹುರಿದ ಸೋರೆಕಾಯಿಯ ಸಿಪ್ಪೆ. ಅದು ಅವರ ಮಧ್ಯಾಹ್ನದ ಊಟ.

ಉಮಾಪತಿಗೆ ಒಂದು ಕಡೆ ಜೀವ ಬಂತು, ಇನ್ನೊಂದು ಕಡೆ ಹೋಯಿತು. ಸಾಸಿವೆ ಎಣ್ಣೆ! ಕಟ್ಟಿಗೆ! ಬೈಯೋಣವೆಂದರೆ ಬಟ್ಟಲು ಅವರದು. ಮುದುಕಿ ಅವನ ಮುಖ ನೋಡಿದರು. ಅತಿಥಿ ಬರುತ್ತಾರಾ ಎಂದು ಕೇಳಿದರು. ತಲೆ ಆಡಿಸಿದ. ಬಟ್ಟಲನ್ನು ಅವನ ಕೈಗೆ ಇಟ್ಟರು, ಮೇಲೆ ಒಂದು ತಟ್ಟೆ ಮುಚ್ಚಿದರು, ತಟ್ಟೆಯ ಮೇಲೆ ಹುರಿದ ಸಿಪ್ಪೆಯನ್ನೂ ಸುರಿದರು. ನಿಮಗೆ ಊಟಕ್ಕೆ ಎಂದು ಅವನು ಕೇಳಿದರೆ, ಮಂಡಕ್ಕಿ ಇದೆ ಹೋಗು ಅಂದರು.

ಮೇಲೆ ಬಂದು ಹುಣಸೆ ಹಿಂಡಿದ, ಬೆಲ್ಲ ಹಾಕಿದ, ಕೊಬ್ಬರಿ ಮಸಾಲೆ ಕಲಸಿದ, ಆಗಷ್ಟೇ ಬಂದ ಸಿಲಿಂಡರಿಗೆ ಇನ್ನೊಮ್ಮೆ ಬೈದು ಕುದಿಸಿದ. ಸಾಸಿವೆ ಎಣ್ಣೆಯ ಘಾಟು ಹೋಗಲಿಲ್ಲ. ಒಂದು ಹಿಡಿ ಕರಿಬೇವು ಸುರಿದ. ಹೋಗಲಿಲ್ಲ.

ಗುಂಡಪ್ಪ ಬಂದ. ತೆಳ್ಳಗಾಗಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಳೆಯ ಮಾತನ್ನು ಎತ್ತಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಎಲೆಯ ಮುಂದೆ ಕೂತು ಸಾರು ಸುರಿದುಕೊಂಡು, ಮೂಗು ಅರಳಿಸಿದ. ವಾಸಂತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಏನೋ ಬ್ಯಾರೆ ಘಮ ಐತಲಾ ಇದು?"

"ಇಲ್ಲಿ ನೀರಿನ ಗುಣ, ಅಣ್ಣಾ."

"ಚಲೋ ಐತಿ ಬಿಡು. ಹಾಕು ಇನ್ನೊಂದೀಟು." ಆಮೇಲೆ ಮಾಶಿಮಾ ಕೊಟ್ಟ ಪಲ್ಯಕ್ಕೆ ಕೈ ಹಾಕಿದ. ಕರುಂಕುರುಂ ಎಂದು ಅಗಿದ. "ಇದೇನಿದು? ಭಾರೀ ಆಗೈತಿ! ನೋಡು ವಾಸಂತಿ, ನಿನ್ನ ಗಂಡ ಕಡೀಕರ ಕೈ ಬಿಚ್ಚಿ ಅಡಿಗಿ ಮಾಡೂದು ಕಲ್ತ. ಹಿಂದ ಹ್ಯಾಂಗ ಮಾಡ್ತಿದ್ದ ನೆನಪೈತಿಲ್ಲ?"

ಸ್ಪೂರ್ತಿ ಅಪ್ಪನ ಕಡೆ ನೋಡಿದಳು. ಉಮಾಪತಿಯ ಗಂಟಲಲ್ಲಿ ಒಂದೇ ಒಂದು ಮಾತು, ಇಷ್ಟು ವರ್ಷ ಕಾದ ಮಾತು, ಎದ್ದು ಬಂದು ಹಲ್ಲಿಗೆ ಗುದ್ದುತ್ತಿತ್ತು. ಭಾವಾ, ನೀವು ತಿನ್ನಾಕತ್ತದ್ದು ಸಿಪ್ಪಿ. ಅಂದುಬಿಟ್ಟರೆ ಸಾಕು, ಎದೆ ತಣ್ಣಗಾಗುತ್ತಿತ್ತು. ವಾಸಂತಿ ಅಣ್ಣನ ಎಲೆಗೆ ತುಪ್ಪ ಬಡಿಸುತ್ತಿದ್ದಳು. ಆ ಹಬ್ಬದ ದಿನ ಅವಳು ಬಾಗಿಲ ಕಡೆ ನೋಡಿರಲಿಲ್ಲ.

"ಸೋರೆಕಾಯಿ ಭಾವಾ" ಎಂದ ಉಮಾಪತಿ. "ಇನ್ನೀಟು ಹಾಕ್ಲೇನು?"

ಗುಂಡಪ್ಪ ಪೂರ್ತಿ ಖಾಲಿ ಮಾಡಿ, ಬೆರಳು ನೆಕ್ಕಿ, ದೀಪಾವಳಿಗೂ ಬರುತ್ತೇನೆಂದು ಹೇಳಿ ಹೋದ.

ಉಮಾಪತಿ ಆಗಲೇ ಹೋಳಿಗೆ ಕಟ್ಟಿಕೊಂಡು ಕೆಳಗೆ ಇಳಿದ. ಸಕ್ಕರೆ ಕಾಯಿಲೆ, ಸಿಹಿ ಮುಟ್ಟುವುದಿಲ್ಲ ಎಂದು ಮಾಶಿಮಾ ವಾಪಸು ಕಳಿಸಿದರು. ಅನ್ನ, ಪಲ್ಯ ಒಯ್ದ, ತಿಂದಾಯಿತು ಅಂದರು. ನನ್ನ ಬೇಳೆ ನೀರು ಕೊಡು, ಬಟ್ಟಲು ಕೊಡು ಅಂದರು, ನಗುತ್ತಾ. ಸಾರು ತಳ ಕಂಡಿತ್ತು. ಬಟ್ಟಲನ್ನು ಬರಿದಾಗಿ ಕೊಡುವುದು ಉಮಾಪತಿಯ ಮನೆಯ ಪದ್ಧತಿಯಲ್ಲ. ಮುಂದಿನ ಹೋಳಿಗೆಗೆ ಕೊಡುತ್ತೇನೆ, ಸಾಸಿವೆ ಎಣ್ಣೆ ಇಲ್ಲದ ಕಟ್ಟು ಹೇಗಿರುತ್ತದೆ ನೋಡಿ ಎಂದು ಬಂದ.

"ನಾಳೇನ ಒಂದ ಬೊಗಸಿ ಬ್ಯಾಳಿ ಕುದಿಸಿ ಕೊಟ್ಟು ಬರ್ರಿ" ಎಂದಳು ವಾಸಂತಿ.

"ಬರೇ ನೀರಿಗೆ ಬ್ಯಾಳಿ ಕುದಸೂದೇನು? ಆ ಬ್ಯಾಳಿ ಏನು ಮಾಡ್ತಿ?"

ಹೀಗೆ ತಡವಾಯಿತು. ಇತ್ತ ಸ್ಪೂರ್ತಿ, ಬೈಸಿಕೊಂಡ ಸಿಟ್ಟಿಗೋ ಏನೋ, ಆಲೂಗಡ್ಡೆ ಬೇಯಿಸಿದ ನೀರು, ಹೆಸರುಕಾಳು ನೆನೆಸಿದ ನೀರು, ನೂಡಲ್ಸಿನ ನೀರು ಎಲ್ಲವನ್ನೂ ಬಟ್ಟಲು ಬಟ್ಟಲಾಗಿ ಫ್ರಿಜ್ಜಿನಲ್ಲಿ ಇಡತೊಡಗಿದಳು. ಅದಕ್ಕೂ ಅವನು ಬೈದ.

ಮಳೆಗಾಲದಲ್ಲಿ ಮಾಶಿಮಾಗೆ ಜ್ವರ ಬಂತು. ಅಲಿಪುರದ ಒಂದು ಆಸ್ಪತ್ರೆಗೆ ಸೇರಿಸಿದರು. ಉಮಾಪತಿ ಒಮ್ಮೆ ಗಂಜಿ ಒಯ್ದ. ಮೂಗಿನಲ್ಲಿ ನಳಿಗೆ ಇತ್ತು, ಮಾತಾಡುವ ಹಾಗಿರಲಿಲ್ಲ. ಕಣ್ಣಿನಲ್ಲೇ ಏನೋ ಗದರಿದರು. ಅವರು ತಿರುಗಿ ಬೆಹಾಲಾಕ್ಕೆ ಬರಲಿಲ್ಲ.

ದೀಪಾವಳಿಗೆ ಹೋಳಿಗೆಯಾಯಿತು, ಗುಂಡಪ್ಪನೂ ಬಂದ. ಬೇಳೆ ಬಸಿಯುವಾಗ ಸ್ಪೂರ್ತಿ ತಾನೇ ಜರಡಿಯ ಕೆಳಗೆ ಪಾತ್ರೆ ಇಡಲು ಹೋದಳು. ಕೈಗೆ ಹತ್ತಿರವಿತ್ತೆಂದು ಆ ಕಂಚಿನ ಬಟ್ಟಲನ್ನು ಎತ್ತಿಕೊಂಡಿದ್ದಳು.

"ಅದನ್ನ ಇಡು!" ಎಂದು ಉಮಾಪತಿ ಕಿರುಚಿದ. "ಅದು ಬ್ಯಾರೇವರ್ದು. ತುಂಬಿ ಕೊಡಾಕ ಇಟ್ಟದ್ದು."