ಉಲ್ಟಾ ಬ್ಲೇಡು ಮತ್ತು ಕೆಳಮನೆಯ ಮೇಡಂ

ಕೆಳಮನೆಯ ಮೇಡಂ ಉಡುತ್ತಿದ್ದ ಹತ್ತಿ ಸೀರೆಗಳಿಗೆಲ್ಲ ಮೊಣಕಾಲಿನ ಜಾಗದಲ್ಲಿ ಹಸಿರು ಕಲೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗದ ಹುಲ್ಲಿನ ಕಲೆ. ಏನೋ ಕೆಟ್ಟಿದೆಯೆಂದು ಕಿವಿಗೆ ಬಿದ್ದರೆ ಸಾಕು, ಅದು ತೋಟದ ನಲ್ಲಿಯಾಗಲಿ, ಮಕ್ಕಳ ಜಾರುಬಂಡೆಯಾಗಲಿ, ಅಲ್ಲೇ ಮಂಡಿಯೂರಿ ಅಡಿಯಿಂದ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಬೈಯುತ್ತಿದ್ದರು. ಬೈಗುಳದ ವಿಷಯವನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ದಿಲ್ಲಿಯ ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಡೆದ ಶೋಕಸಭೆಯಲ್ಲಿ ಅವರನ್ನು ‘ಶಾಂತ ಸ್ವಭಾವದವರು’ ಎಂದು ಹೊಗಳಿದರು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಾಂತವಂತೆ! ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಹೆಂಗಸು ಆಕೆ. ತುಮಕೂರಿನವರು, ದಿಲ್ಲಿಯ ಪಾಲಿಟೆಕ್ನಿಕ್ ಒಂದರಲ್ಲಿ ಯಂತ್ರಗಳ ಪಾಠ ಹೇಳಿ ನಿವೃತ್ತರಾದವರು. ಹಿಂದಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಿಟ್ಟು ನೆತ್ತಿಗೇರಿದರೆ ಕನ್ನಡ ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಆಗ ಬರುತ್ತಿದ್ದುದು ಒಂದೇ ಮಾತು: “ಮೊದಲು ಬಗ್ಗಿ ನೋಡಿ, ಆಮೇಲೆ ಬಾಯಿ ಬಿಡಿ!” ಲಿಫ್ಟಿನವನಿಗೂ ಅದೇ, ತರಕಾರಿ ಭಯ್ಯಾನಿಗೂ ಅದೇ. ನನ್ನ ಮಗಳಿಗೆ ಜ್ವರ ಬಂದಾಗ ನಾನು ಮೊಬೈಲಿನಲ್ಲಿ ಏನೇನೋ ಓದಿ ಗಾಬರಿಯಿಂದ ಕೆಳಗಿನ ಅವರ ಫ್ಲಾಟಿಗೆ ಓಡಿದರೆ, “ಮಗೂ ಗಂಟಲು ನೋಡಿದ್ಯಾ? ಇಲ್ವಾ? ಮೊದಲು ಬಗ್ಗಿ ನೋಡು” ಎಂದು ಟಾರ್ಚ್ ಕೈಗಿಟ್ಟು ಕಳಿಸಿದ್ದರು. ಸೊಸೈಟಿಯವರಿಗೆಲ್ಲ ಆ ಕನ್ನಡ ಬಾಯಿಪಾಠವಾಗಿತ್ತು, ಅರ್ಥ ಗೊತ್ತಿರಲಿ ಬಿಡಲಿ.

ಹೋದ ವರ್ಷದ ಮಳೆಗಾಲದಲ್ಲಿ ಲಾನ್ ಇದ್ದಕ್ಕಿದ್ದಂತೆ ಕೆಟ್ಟಿತು. ಹುಲ್ಲು ಕತ್ತರಿಸಿದ ಎರಡೇ ದಿನಕ್ಕೆ ತುದಿಯೆಲ್ಲ ಬೆಳ್ಳಗಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು. ಮಾಲಿ ಭಯ್ಯಾ, “ಮಷೀನ್ ಕಾಟ್ ನಹೀ ರಹೀ, ಸಾಹಬ್” ಎಂದು ಹುಲ್ಲು ಕತ್ತರಿಸುವ ಯಂತ್ರದ ಕಡೆ ಬೊಟ್ಟು ಮಾಡಿ ಗೋಗರೆದರೂ ಸೊಸೈಟಿಯ ಕಾರ್ಯದರ್ಶಿಗಳು ಕೇಳಲಿಲ್ಲ. ಯಾವುದೋ ಇಲಾಖೆಯಲ್ಲಿ ದೊಡ್ಡ ಸಾಹೇಬರಾಗಿದ್ದವರು ಅವರು, ಇನ್ನೂ ಆ ಕುರ್ಚಿಯಿಂದ ಇಳಿದಿಲ್ಲ. ಮಾಲಿ ನೀರು ಹಾಕುವುದಿಲ್ಲ, ಮರದಡಿ ಮಲಗುತ್ತಾನೆ ಎಂದು ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಆಳಿಗೊಂದು ಕಲ್ಲು ಎಸೆದರು. ತಿಂಗಳ ಕೊನೆಗೆ ಅವನನ್ನು ತೆಗೆಯುವುದೆಂದು ಲಾನಿನ ಮೇಲೆ ನಿಂತೇ ತೀರ್ಮಾನವಾಗುತ್ತಿತ್ತು. ಅಷ್ಟರಲ್ಲಿ ಮೇಡಂ ಹೊರಗೆ ಬಂದರು.

ಮಂಡಿಯೂರಿ ಒಂದು ಗರಿಕೆ ಕಿತ್ತು ತುದಿ ನೋಡಿದರು. ಕತ್ತರಿಸಿದ ಗುರುತೇ ಇರಲಿಲ್ಲ, ಸವೆದ ಹಲ್ಲುಜ್ಜುವ ಬ್ರಷ್ಷಿನಂತೆ ಸಿಬಿರು ಸಿಬಿರಾಗಿ ಹರಿದಿತ್ತು. ಎದ್ದು ಹೋಗಿ ಯಂತ್ರದ ಪ್ಲಗ್ ಕಿತ್ತು, ಯಾರೂ ಅಪ್ಪಿತಪ್ಪಿ ಸ್ವಿಚ್ ಹಾಕಬಾರದೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಂತ್ರವನ್ನು ಓರೆ ಮಾಡಿದರು.

“ಈ ಬ್ಲೇಡು ಕೂರಿಸಿದ್ದು ಯಾರು?”

ಸಾಣೆಯಿಂದ ಬಂದ ಬ್ಲೇಡನ್ನು ಕಾರ್ಯದರ್ಶಿಗಳೇ ಖುದ್ದು ನಿಂತು ಕೂರಿಸಿದ್ದರು. ಟೆಕ್ನಿಕಲ್ ಕೆಲಸವೆಂದು ಮಾಲಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಬ್ಲೇಡಿನ ಎರಡೂ ತುದಿಗಳಲ್ಲಿರುವ ಬಾಗಿದ ರೆಕ್ಕೆ ಪಂಜದ ಹಾಗೆ ನೆಲದ ಕಡೆಗಿದ್ದರೆ ತಾನೇ ಹುಲ್ಲು ಸಿಗುವುದು ಎಂಬುದು ಅವರ ವಾದ.

“ಪಂಜ ಅಲ್ಲಯ್ಯಾ ಅದು! ರೆಕ್ಕೆ ಮೇಲಕ್ಕಿರಬೇಕು. ಅದರ ಗಾಳಿಗೆ ಹುಲ್ಲು ಎದ್ದು ನಿಲ್ಲುತ್ತೆ, ಆಮೇಲೆ ಅಲಗು ಕತ್ತರಿಸುತ್ತೆ. ನೀವು ಹರಿತದ ಅಂಚು ಹಿಂದಕ್ಕೆ ಹಾಕಿ, ಮೊಂಡು ಬೆನ್ನಲ್ಲಿ ಹುಲ್ಲಿಗೆ ಬಡೀತಾ ಇದ್ದೀರಿ. ಮೊದಲು ಬಗ್ಗಿ ನೋಡಿ, ಆಮೇಲೆ ಬಾಯಿ ಬಿಡಿ!” ಎಂದು ಕನ್ನಡದಲ್ಲಿ ಗುಡುಗಿ ನನ್ನ ಕಡೆ ತಿರುಗಿದರು. “ಹೇಳೇ ಅವರಿಗೆ ಹಿಂದೀಲಿ.”

ನಾನು ನಯವಾಗಿ, “ಮೇಡಂ ಕೆಹ್ ರಹೀ ಹೈ, ಪ್ಲೀಸ್ ಏಕ್ ಬಾರ್ ದೇಖ್ ಲೀಜಿಯೇ” ಎಂದೆ.

“ಪ್ಲೀಸ್ ಎಲ್ಲಿತ್ತೇ ನನ್ನ ಮಾತಲ್ಲಿ?” ಎಂದು ನನಗೂ ಬಿತ್ತು.

ಬ್ಲೇಡು ತಿರುಗಿಸಿ ಕೂರಿಸಿದ ಮೇಲೆ ಕಾರ್ಯದರ್ಶಿಗಳು, “ಚಲೋ, ಹೋ ಗಯಾ” ಎಂದು ಕೈ ಕೊಡವಿಕೊಂಡು ಹೊರಟರು. ಮೇಡಂ ಬಿಡಲಿಲ್ಲ. ಅವರಿಂದ ಮಾಲಿಗೆ ‘ಸಾರಿ’ ಎನ್ನಿಸಿದ ಮೇಲೆಯೇ ದಾರಿ ಬಿಟ್ಟರು. ಮತ್ತೆ ತಪ್ಪಾಗದಿರಲೆಂದು ನನ್ನ ಕೆಂಪು ನೇಲ್ ಪಾಲಿಶ್ ತರಿಸಿ ಬ್ಲೇಡಿನ ಕೆಳಮೈಗೆ ಬಳಿದರು. ಯಂತ್ರ ಓರೆ ಮಾಡಿದಾಗ ಕೆಂಪು ಕಂಡರೆ ಸರಿ, ಕಾಣದಿದ್ದರೆ ಉಲ್ಟಾ. ಮನೆಗೆ ಬಂದ ಮೇಲೂ ಗೊಣಗುತ್ತಿದ್ದರು: “ಹುಲ್ಲು ಹೋದರೆ ಬರುತ್ತೆ ಕಣೇ. ಇವರ ಸೋಮಾರಿತನಕ್ಕೆ ಅವನ ಒಲೆ ಆರಿಸೋಕೆ ಹೊರಟಿದ್ದರಲ್ಲ!”

ಈ ವರ್ಷದ ಮಳೆಗಾಲದಲ್ಲಿ ಅವರು ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದರು, ವಾಪಸ್ ಬರಲಿಲ್ಲ. ಶೋಕಸಭೆ ಅದೇ ಲಾನಿನಲ್ಲಿ ನಡೆಯಿತು. ಕಾರ್ಯದರ್ಶಿಗಳು ಬಿಳಿ ಕುರ್ತಾ ಪೈಜಾಮ ತೊಟ್ಟು ಮೈಕ್ ಹಿಡಿದು, “ಬಹುತ್ ಹೀ ಶಾಂತ್ ಸ್ವಭಾವ್ ಕೀ ಥೀ” ಎಂದರು. ನಾನು ತಲೆ ತಗ್ಗಿಸಿದೆ. ಕಾಲ ಬಳಿ ಹುಲ್ಲಿನ ತುದಿಗಳೆಲ್ಲ ಬೆಳ್ಳಗೆ ಹರಿದುಕೊಂಡಿದ್ದವು. ಅಷ್ಟರಲ್ಲಿ ಕಾರ್ಯದರ್ಶಿಗಳು, ಹೇಗೂ ಎಲ್ಲರೂ ಸೇರಿದ್ದಾರೆಂದು, ಮಾಲಿಯನ್ನು ಬದಲಿಸುವ ವಿಷಯ ಎತ್ತಿದರು: “ದೇಖಿಯೇ, ಮೇಡಂಜೀ ಕೀ ಸಭಾ ಕೇ ದಿನ್ ಭೀ ಲಾನ್ ಕಾ ಯೇ ಹಾಲ್. ಮಾಲಿ ಬದಲ್ನಾ ಪಡೇಗಾ.”

ಸತ್ತವರ ಹೆಸರು ಹೇಳಿ ಬದುಕಿದ್ದವನ ಅನ್ನಕ್ಕೆ ಕೈ ಹಾಕುವುದೆಂದರೇನು! ಅದೂ ಯಾರ ಹೆಸರು! ಅಲ್ಲಿಯವರೆಗೆ ನಾನು ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ, ‘ಹೋಗಲಿ ಬಿಡಿ’ ಎನ್ನುವ ಜಾತಿಯವಳು. ಆವತ್ತು ಎದ್ದು ನಿಂತೆ.

“ಮೊದಲು ಬಗ್ಗಿ ನೋಡಿ, ಆಮೇಲೆ ಬಾಯಿ ಬಿಡಿ!”

ಕನ್ನಡದಲ್ಲೇ ಕೂಗಿದ್ದೆ. ಮೈಕ್ ಕೆಳಗಿಳಿಯಿತು. ಯಾರೂ ಅರ್ಥ ಕೇಳಲಿಲ್ಲ. ಮಾಲಿ ಭಯ್ಯಾ ಆಗಲೇ ಸಾಮಾನಿನ ಕೋಣೆಯಿಂದ ಯಂತ್ರ ತಳ್ಳಿಕೊಂಡು ಬರುತ್ತಿದ್ದ. ಪ್ಲಗ್ಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಯಂತ್ರವನ್ನು ಓರೆ ಮಾಡಿಸಿದೆ. ಕೆಂಪು ಕಾಣಲಿಲ್ಲ.

“ಬ್ಲೇಡ್ ಕಿಸ್‌ನೇ ಲಗಾಯಾ?” ಎಂದು ಕೇಳಿದೆ. ಮಾಲಿ ಕಾರ್ಯದರ್ಶಿಗಳ ಮುಖ ನೋಡಿದ. ಈ ಸಲವೂ ಸಾಣೆಯಿಂದ ಬಂದ ಬ್ಲೇಡನ್ನು ಅವನಿಗೆ ಮುಟ್ಟಲು ಬಿಡದೆ ಅವರೇ ಕೂರಿಸಿದ್ದರು.

ಮೇಡಂ ನನಗೆ ಬಿಟ್ಟುಹೋದ ಆಸ್ತಿ ಈ ಸಿಟ್ಟು. ಅದನ್ನು ನಯ ಮಾಡಿ ಹಾಳುಮಾಡುವ ಮನಸ್ಸು ನನಗಿರಲಿಲ್ಲ. “ಬೈಠ್‌ಕರ್ ದೇಖಿಯೇ. ಫಿರ್ ಭಯ್ಯಾ ಕೋ ಸಾರಿ ಬೋಲಿಯೇ” ಎಂದೆ. ಪ್ಲೀಸ್ ಹಾಕಲಿಲ್ಲ.

ಇಡೀ ಸೊಸೈಟಿ ನೋಡುತ್ತಿದ್ದಂತೆ ಅವರು ಮಂಡಿಯೂರಿ, ತಲೆ ಓರೆ ಮಾಡಿ ಅಡಿಯಿಂದ ನೋಡಿದರು. ಸಾರಿಯನ್ನೂ ಹೇಳಿದರು, ಎಲ್ಲರಿಗೂ ಕೇಳುವಷ್ಟು. ಮಾಲಿ ಈಗಲೂ ನಮ್ಮಲ್ಲೇ ಇದ್ದಾನೆ. ಕಾರ್ಯದರ್ಶಿಗಳು ಎದ್ದು ನಿಂತಾಗ ಆ ಬಿಳಿ ಪೈಜಾಮದ ಮೊಣಕಾಲುಗಳ ಮೇಲೆ ಹಸಿರು ಕಲೆ ಬಿದ್ದಿತ್ತು. ಅದು ಎಷ್ಟು ಒಗೆದರೂ ಹೋಗುವುದಿಲ್ಲ.