ತಂಬಾಕಿನ ಕೈ

ಮೊನ್ನೆ ಪಡಸಾಲೆಗೆ ಸುಣ್ಣ ಹಚ್ಚಬೇಕೆಂದು ಗೋಡೆಯ ಮಾಡದಲ್ಲಿದ್ದ ಡಬ್ಬಿ, ಬಾಟಲಿಗಳನ್ನೆಲ್ಲ ಕೆಳಗಿಳಿಸುತ್ತಿದ್ದೆ. ಮೂಲೆಯಲ್ಲಿ ಒಂದು ಜೋಡಿ ರಬ್ಬರಿನ ಕೈಗವಸು ಸಿಕ್ಕಿತು. ಧೂಳು ಹಿಡಿದು, ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತಾಗಿತ್ತು. ಬಿಡಿಸಲು ಹೋದರೆ ಬೆರಳುಗಳ ಸಂದಿಯಿಂದ ಕಂದು ಪುಡಿ ಉದುರಿತು. ತಂಬಾಕು... ಆ ರೋಗ ಬಂದು ಹೋದ ಮೇಲೆ ನನ್ನ ಮೂಗು ಅರ್ಧ ಮಾತ್ರ ನನ್ನದು, ವಾಸನೆ ಹತ್ತಲಿಲ್ಲ. ಆದರೆ ಆಚೆ ಗೋಡೆಗೆ ಒರಗಿ ಕುಳಿತಿದ್ದ ಅಣ್ಣ ಥಟ್ಟನೆ ತಲೆ ಎತ್ತಿದ.

ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹರೆಯಕ್ಕೆ ಬರುವಷ್ಟರಲ್ಲಿ ಕಣ್ಣೂ ಹೋದವು. ಮೇಲೆ ಫಿಟ್ಸ್ ಬೇರೆ. ಅಂಗೈ ಮತ್ತು ಮೂಗು, ಇವೆರಡರಲ್ಲೇ ಅವನ ಲೋಕವೆಲ್ಲ. ಗೋಡೆ ಸವರುತ್ತ ಬಂದವನು ನನ್ನ ಕೈಯಿಂದ ಗವಸು ಕಸಿದುಕೊಂಡು ಮೂಗಿಗೆ ಒತ್ತಿಕೊಂಡ. ಆಮೇಲೆ ಹೆಬ್ಬೆರಳು, ತೋರುಬೆರಳು ಸೇರಿಸಿ ನನ್ನ ಅಂಗೈ ಮೇಲೆ ಮೆಲ್ಲಗೆ ಹೊಸೆದ, ಬೀಡಿ ಸುತ್ತುವ ಹಾಗೆ. ಎಷ್ಟೋ ವರ್ಷಗಳಿಂದ ನಾನೂ ಅವ್ವನೂ ತಪ್ಪಿಸಿಕೊಂಡು ಬಂದಿದ್ದ ಹೆಸರು ಅದು. ಅವನು ಮಾತ್ರ ಮುಖದ ತುಂಬ ನಗುತ್ತ ಹೋಗಿ ಹೊಸ್ತಿಲ ಮೇಲೆ ಕುಳಿತ. ಒಂದು ಕೈ ಹೊರಗೆ ಚಾಚಿದ್ದ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಮಗೆ ಬಳಗವೇನಲ್ಲ, ಎದುರು ಮನೆಯವಳು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಗಡಿಯಾಚೆ ಮಹಾರಾಷ್ಟ್ರದ ಕಾಗಲಕ್ಕೆ ಕೊಟ್ಟಿದ್ದಳು. ಬೆಳಗಾದರೆ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಟ್ಟೆಯ ಮೇಲೆ ಬೀಡಿ ಕಟ್ಟಲು ಕೂರುತ್ತಿದ್ದಳು. ಅವ್ವ ತಂಬಾಕು ತುಂಬಿಡುವ ವಖಾರಕ್ಕೆ ಕೆಲಸಕ್ಕೆ ಹೋಗುವಾಗ ಅಣ್ಣನನ್ನು ಅವಳ ಪಕ್ಕದಲ್ಲಿ ಕೂರಿಸಿ ಹೋಗುವುದು ರೂಢಿ. ಅವನ ಒಂದು ಕೈ ಕಾಕುವಿನ ಮೊಣಕಾಲ ಮೇಲೆ. ಅವಳು ಎದ್ದರೆ ಗೊತ್ತಾಗಬೇಕಲ್ಲ! ನೆನೆಸಿದ ಬೀಡಿ ಎಲೆಗಳನ್ನು ಅವನ ಮುಂದೆ ಸುರುವಿಕೊಟ್ಟರೆ ಒಂದೊಂದನ್ನೂ ಸವರಿ, ಹರಿದದ್ದನ್ನು ಬೇರೆ ಮಾಡಿ, ಚಂದದ್ದನ್ನು ಒಪ್ಪವಾಗಿ ಜೋಡಿಸಿಡುತ್ತಿದ್ದ. ಹಾದಿಯಲ್ಲಿ ಹೋಗುವವರು ಯಾರಾದರೂ ಪಾಪ ಎಂದು ಲೊಚಗುಟ್ಟಿದರೆ ಸಾಕು, ಕಾಕುವಿನ ಬಾಯಿ ಬಿಚ್ಚಿಕೊಳ್ಳುತ್ತಿತ್ತು.

"ನಿನ್ನ ಪಾಪ ನಿನ್ನ ಮನ್ಯಾಗ ಇಟ್ಕೊ! ಅಂವ ಇಲ್ಲಿ ಕೆಲಸಾ ಮಾಡಾಕತ್ತಾನ, ಕಾಣವಲ್ದೇನ ಕಣ್ಣಿಗೆ?"

ಅಣ್ಣನ ಜೊತೆ ಮಾತಾಡಲು ನಮ್ಮ ಮನೆಯಲ್ಲಿ ನಾವೇ ಮಾಡಿಕೊಂಡ ಗುರುತುಗಳಿದ್ದವು. ಮೂಗಿನ ಮೇಲೆ ಬೆರಳಿಟ್ಟರೆ ಅವ್ವ, ಅವಳ ಮೂಗುಬಟ್ಟು. ಮೇಲ್ದುಟಿಯ ಮೇಲೆ ಬೆರಳೆಳೆದರೆ ಅಪ್ಪ, ಅವನ ಮೀಸೆ. ಅಂಗೈ ತಟ್ಟಿದರೆ ಹೌದು. ಬೀಡಿ ಹೊಸೆಯುವ ಗುರುತನ್ನು ಮಾತ್ರ ನಾವು ಕಲಿಸಿದ್ದಲ್ಲ, ಕಾಕುವಿಗೆ ಅವನೇ ಇಟ್ಟ ಹೆಸರು ಅದು. ಅವಳ ಕೈ ಅವನಿಗೆ ಅಷ್ಟು ಗೊತ್ತಿತ್ತು. ಬೆರಳು ಸೀಳುತ್ತವೆಂದು ಅವಳು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ತಂಬಾಕು, ಹಸಿ ಎಲೆ, ಕೊಬ್ಬರಿ ಎಣ್ಣೆ... ಊರೆಲ್ಲ ತಂಬಾಕಿನ ವಾಸನೆಯೇ ಆದರೂ ಅಣ್ಣ ಅವಳನ್ನು ಇನ್ನೊಬ್ಬರೆಂದು ತಪ್ಪು ತಿಳಿದದ್ದೇ ಇಲ್ಲ.

ಅಪ್ಪ ತೀರಿಹೋದಾಗ ಬಂಧುಗಳು ಅಣ್ಣನನ್ನು ಒಳಗೆ ಕೂಡಿಹಾಕಿ ಎಂದಿದ್ದರು. ಅವನಿಗೇನು ತಿಳಿಯುತ್ತದೆ, ಸುಮ್ಮನೆ ಗದ್ದಲ ಮಾಡಿಯಾನು ಎಂದು. ಕಾಕು ಕೇಳಲಿಲ್ಲ. ಅವನನ್ನು ಕೈಹಿಡಿದು ತಂದು, ಅವನ ಅಂಗೈಯನ್ನು ಅಪ್ಪನ ಹಣೆಯ ಮೇಲಿಟ್ಟು, ಅಲ್ಲಿಂದ ಮೆಲ್ಲಗೆ ಕಣ್ಣು, ಕೆನ್ನೆ, ಮೀಸೆಯವರೆಗೆ ಜಾರಿಸಿದಳು. ತಣ್ಣಗಿತ್ತು. ಅಣ್ಣ ಬಹಳ ಹೊತ್ತು ಕೈ ತೆಗೆಯಲಿಲ್ಲ. ಅಂದಿನಿಂದ ಅವನು ಮೀಸೆಯ ಗುರುತು ಮಾಡಿ ಅಪ್ಪ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ.

ಆಮೇಲೆ ಆ ರೋಗ ಬಂತು. ಮೊದಲ ಸಲ ಹೇಗೋ ಪಾರಾದೆವು, ಎರಡನೇ ಅಲೆ ನಮ್ಮ ಓಣಿಯನ್ನು ಹುಡುಕಿಕೊಂಡೇ ಬಂದಿತು. ಮುಟ್ಟಬೇಡಿ, ಮುಟ್ಟಬೇಡಿ ಎಂದು ಗಾಡಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮುಟ್ಟದೆ ನಮ್ಮ ಅಣ್ಣನ ಜೊತೆ ಮಾತಾಡುವುದು ಹೇಗೆಂದು ಆ ಗಾಡಿಯವರನ್ನು ಕೇಳಬೇಕೆನಿಸುತ್ತಿತ್ತು.

ಒಂದು ಬೆಳಿಗ್ಗೆ ಅವ್ವನಿಗೆ ಉಸಿರು ಸಿಗದಾಯಿತು. ಅಂಬುಲೆನ್ಸ್ ಬಂದು ಚಿಕ್ಕೋಡಿಯ ದವಾಖಾನೆಗೆ ಕರೆದೊಯ್ದಿತು. ಅಣ್ಣ ಅವಳ ಸೆರಗು ಹಿಡಿದಿದ್ದ, ಬಿಡಿಸಿಕೊಂಡೇ ಹೋಗಬೇಕಾಯಿತು. ನನಗೂ ಜ್ವರ, ಟೆಸ್ಟಿನಲ್ಲಿ ರೋಗ ಇದೆಯೆಂದು ಬಂದಿತ್ತು. ಸರಕಾರಿ ದವಾಖಾನೆಯ ಆಶಾ ಅಕ್ಕ ನನ್ನನ್ನು ಒಳಕೋಣೆಗೆ ಕಳಿಸಿ, ಕಿಟಕಿಯಿಂದ ಔಷಧಿ ಕೊಟ್ಟಳು. ಪಾಪ, ಅವಳೂ ಒಬ್ಬಳೇ ಎಷ್ಟು ಮನೆ ತಿರುಗಿಯಾಳು.

"ನಿಮ್ಮ ಅಣ್ಣಾವ್ರ ಫಿಟ್ಸಿನ ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ" ಅಂದಳು. "ಈಗ ಫಿಟ್ಸ್ ಬಂದ್ರ ಯಾವ ದವಾಖಾನ್ಯಾಗೂ ಕಾಟ್ ಸಿಗಂಗಿಲ್ಲ."

ತಪ್ಪಿಸಬಾರದು ಸರಿ, ಆದರೆ ಕೊಡುವವರು ಯಾರು? ಬಾಗಿಲಿನ ಸಂದಿಯಿಂದ ನೋಡುತ್ತಿದ್ದೆ. ಅಣ್ಣ ಪಡಸಾಲೆಯಲ್ಲಿ ಗೋಡೆ ಹಿಡಿದು ತಿರುಗುತ್ತಿದ್ದ. ಮೂಗಿನ ಮೇಲೆ ಬೆರಳು ಇಟ್ಟುಕೊಳ್ಳುವುದು, ಕೈ ಚಾಚುವುದು. ಅವ್ವ ಎಲ್ಲಿ? ಕೈಗೆ ಯಾರೂ ಸಿಗುತ್ತಿರಲಿಲ್ಲ. ನನ್ನ ಬಾಗಿಲಿಗೆ ಬಂದು ಧಡಧಡ ಬಡಿದ. ತೆಗೆದರೆ ರೋಗ, ತೆಗೆಯದಿದ್ದರೆ ಫಿಟ್ಸ್. ಚಿಲಕ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಬೇಡಕಿಹಾಳದಿಂದ ಸೋದರಮಾವನ ಫೋನು, ಅಂಥವರನ್ನು ಇಟ್ಟುಕೊಳ್ಳುವ ಕೇಂದ್ರಕ್ಕೆ ಬಿಟ್ಟುಬಿಡಿ ಅಂತ. ಗುರುತಿಲ್ಲದ ಕೈಗಳ ನಡುವೆ ಅವನು... ನಾನು ಫೋನು ಇಟ್ಟುಬಿಟ್ಟೆ.

ಆಗ ಹೊರಬಾಗಿಲಲ್ಲಿ ಕಾಕು ಕಾಣಿಸಿದಳು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡಿದ್ದಳು, ಅದರ ಮೇಲೆ ಮಾಸ್ಕು, ಕೈಗೆ ಆಶಾ ಅಕ್ಕ ಕೊಟ್ಟ ಗವಸು. ಒಳಗೆ ಬರಲಾರದೆ ಹೊಸ್ತಿಲಲ್ಲೇ ನಿಂತಳು.

"ಏ ಬಾಳಾ, ನನಗ ಭಾಳ ಅಂಜಿಕಿ ಬರಾಕತ್ತೈತಿ. ಖರೇನ ಹೇಳ್ತೀನಿ" ಅಂದಳು. "ಆದ್ರ ಅಂವ ಹಿಂಗ ಬಡಕೊಳ್ಳಾಕತ್ರ ನಾ ಮನ್ಯಾಗ ಹ್ಯಾಂಗ ಕುಂಡ್ರಲಿ?"

ಕಾಕು ಅಂಜುಬುರುಕಿಯೇ. ಸೂಜಿ ಕಂಡರೆ ಓಡುವವಳು. ಬರುವ ಮುನ್ನ ತಲೆ ಮೇಲೆ ಬಿಸಿನೀರು ಹೊಯ್ದುಕೊಂಡು, ಮೈಕೈಗೆಲ್ಲ ಸೋಪು ತಿಕ್ಕಿ, ಸ್ಯಾನಿಟೈಸರ್ ಬಳಿದುಕೊಂಡಿದ್ದಳು. ಹೊಸ್ತಿಲಲ್ಲಿ ಇನ್ನೊಮ್ಮೆ ಬಳಿದುಕೊಳ್ಳುವಾಗ, ಚೆನ್ನಾಗಿ ಬಳ್ಕೋ ಕಾಕು ಎಂದು ಒಳಗಿನಿಂದ ನಾನೂ ಕೂಗಿದ್ದೆ. ಲಾಕ್‌ಡೌನಿನಲ್ಲಿ ಬೀಡಿ ಕೆಲಸವೂ ನಿಂತಿತ್ತು. ಇಬ್ಬರಿಗೂ ಹೊಳೆಯಲಿಲ್ಲ ನೋಡಿ... ನಾವು ತೊಳೆದು ಹಾಕಿದ್ದು ಕಾಕುವನ್ನೇ.

ಅನ್ನದ ತಟ್ಟೆ ಹಿಡಿದು ಅವಳು ಅಣ್ಣನ ಭುಜ ಮುಟ್ಟಿದಳು. ಅವನು ತಡಬಡಿಸಿ ಆ ಕೈ ಹಿಡಿದ. ರಬ್ಬರು. ಮೂಗಿಗೆ ತಂದ. ಔಷಧಿಯ ವಾಸನೆ. ಅವ್ವನನ್ನು ಒಯ್ದವರ ಕೈಯೂ ಹೀಗೇ ಇದ್ದಿರಬೇಕು. ಅವನು ಚೀರಿದ ಚೀರು ಈಗಲೂ ನನ್ನ ಕಿವಿಯಲ್ಲಿದೆ. ತಟ್ಟೆ ಹಾರಿತು, ಅನ್ನ ಚೆಲ್ಲಿತು, ಕಾಕು ಗೋಡೆಗೆ ಹೋಗಿ ಬಿದ್ದಳು. ಅವನು ಮೂಲೆಗೆ ಸರಿದು ಮೊಣಕಾಲಲ್ಲಿ ಮುಖ ಹುದುಗಿಸಿ ತೂಗಾಡತೊಡಗಿದ. ಫಿಟ್ಸ್ ಬರುವ ಮುಂಚೆ ಅವನು ಹಾಗೇ ತೂಗಾಡುವುದು. ನಾನು ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತೆ.

"ಈ ರೋಗದ ಹೆಣಾ ಎತ್ತಲಿ!" ಎಂದು ಬೈಯುತ್ತ ಎದ್ದ ಕಾಕು ಬಿರಬಿರನೆ ಹೊರಗೆ ಹೋದಳು. ಮುಗಿಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಅವಳಾದರೂ ಯಾಕೆ ಬರಬೇಕು, ಹೇಳಿ.

ಬಂದಳು. ಬೀಡಿಯ ಮೊರವನ್ನೇ ಹೊತ್ತು ತಂದಿದ್ದಳು, ಜೊತೆಗೆ ಎಣ್ಣೆಯ ಬಾಟಲಿ. ಮೊರದಲ್ಲಿದ್ದ ಡಬ್ಬಿಯ ತಳದಲ್ಲಿ ಉಳಿದಿದ್ದ ತಂಬಾಕಿನ ಪುಡಿಯನ್ನು ಗವಸಿನ ಮೇಲೆ ತಿಕ್ಕಿಕೊಂಡು, ಅವನ ಮೂಗಿನ ಹತ್ತಿರ ಹಿಡಿದಳು. ತೂಗಾಟ ನಿಂತಿತು. ಅವನು ಮುಖ ಎತ್ತಿ, ಉಸಿರೆಳೆದು, ಆಸೆಯಿಂದ ಕೈ ಚಾಚಿದ. ರಬ್ಬರು ತಾಗಿತು, ಮತ್ತೆ ಹಿಂದಕ್ಕೆ ಸರಿದ. ಕಾಕು ನನ್ನ ಬಾಗಿಲಿನ ಸಂದಿಯತ್ತ ನೋಡಿದಳು. ಆ ಕಣ್ಣಲ್ಲಿ ಅಷ್ಟು ಭಯವಿತ್ತು! ಬೇಡ ಕಾಕು ಎನ್ನಬೇಕೆಂದೆ, ಬಾಯಿಯೇ ಬರಲಿಲ್ಲ.

"ಅಗ ಬಾಯೀ..." ಎಂದು ಮರಾಠಿಯಲ್ಲಿ ತನಗೆ ತಾನೇ ಗೊಣಗಿಕೊಂಡು ಗವಸು ಎರಡನ್ನೂ ಕಳಚಿ ಮಾಡದೊಳಗೆ ಎಸೆದಳು. ಬರಿಗೈಗೆ ಎಣ್ಣೆ ಸವರಿ, ತಂಬಾಕು ತಿಕ್ಕಿ, ಅವನ ಅಂಗೈ ಮೇಲಿಟ್ಟಳು.

ಅಣ್ಣ ಆ ಬೆರಳುಗಳನ್ನು ಒಂದೊಂದಾಗಿ ಸವರಿದ. ಎಲೆ ಕತ್ತರಿಸುವ ಕತ್ತರಿ ಹಿಡಿದು ಗಂಟು ಕಟ್ಟಿದ ಹೆಬ್ಬೆರಳು ಸಿಕ್ಕಾಗ ಅವನ ಗಂಟಲಿನಿಂದ ಒಂದು ಸದ್ದು ಬಂತು, ಅಳುವೋ ನಗುವೋ ಗೊತ್ತಾಗಲಿಲ್ಲ. ಅವಳ ಅಂಗೈ ಮೇಲೆ ಬೀಡಿ ಹೊಸೆದ. ಕಾಕು ತಟ್ಟಿದಳು, ಹೌದು. ಬೆಲ್ಲದಲ್ಲಿ ಹುದುಗಿಸಿದ ಗುಳಿಗೆ ನುಂಗಿಸಿದಳು. ಅವನು ಅವಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅನ್ನ ಉಂಡ.

ಅವ್ವ ಬದುಕಿ ಬರುವವರೆಗೂ ಕಾಕು ನಮ್ಮ ಮನೆಯಲ್ಲೇ ಇದ್ದಳು. ದಿನವೂ ನೂರು ಸಲ ಕೈ ತೊಳೆಯುವಳು, ಅವನನ್ನು ಮುಟ್ಟುವ ಮೊದಲು ಮತ್ತೆ ತಂಬಾಕು ತಿಕ್ಕಿಕೊಳ್ಳುವಳು. ಅವ್ವ ಬಂದಳು, ನಾನು ಎದ್ದೆ, ಅಣ್ಣನಿಗೆ ಏನೂ ಆಗಲಿಲ್ಲ. ಕಾಕು ತನ್ನ ಕಟ್ಟೆಗೆ ಮರಳಿದಳು. ಆಮೇಲೆ ಅವಳಿಗೆ ಕೆಮ್ಮು ಶುರುವಾಯಿತು... ಯಾರಿಂದ ಬಂತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಇಂದಿಗೂ ಆ ಪ್ರಶ್ನೆಯ ಹತ್ತಿರ ಹೋಗಲು ಅಂಜಿಕೆ. ಗಡಿ ಬಂದ್ ಇತ್ತು, ಮಗಳನ್ನು ಬಿಡಲಿಲ್ಲ. ಅಂಬುಲೆನ್ಸ್ ಹತ್ತುವಾಗ ಕಾಕು ನಮ್ಮ ಮನೆಯತ್ತ ಕೈ ಮಾಡಿ, "ಅಂವಂಗ ಗುಳಿಗಿ ಕೊಡ್ರಿ" ಅಂದಳು. ಅಷ್ಟೇ. ಅವಳ ಹೆಣ ಓಣಿಗೆ ಬರಲಿಲ್ಲ. ಎಲ್ಲಿ ಸುಟ್ಟರೋ, ಯಾರು ಬೆಂಕಿ ಇಟ್ಟರೋ.

ಅಣ್ಣ ದಿನವೂ ಬೀಡಿ ಹೊಸೆದು ಕೇಳುತ್ತಿದ್ದ. ತೋರಿಸಲು ತಣ್ಣನೆಯ ಮುಖ ಎಲ್ಲಿತ್ತು? ಹೇಳಿದರೆ ಫಿಟ್ಸ್ ಬಂದಾವೆಂದು ಹೆದರಿ ಅವ್ವ ಅವನ ಕೈಯನ್ನು ತನ್ನತ್ತ ಎಳೆದು, ಬರುತ್ತಾಳೆ ಎಂದು ಗುರುತು ಮಾಡುತ್ತಿದ್ದಳು. ಕೇಳಿ ಕೇಳಿ ಅವನೇ ಸುಮ್ಮನಾದ. ಮರೆತ ಅಂದುಕೊಂಡೆವು.

ಮೊನ್ನೆ ಮಧ್ಯಾಹ್ನವಾದರೂ ಅವನು ಹೊಸ್ತಿಲು ಬಿಡಲಿಲ್ಲ. ಗವಸು ಎದೆಗೆ ಹಿಡಿದು ಕಾಯುತ್ತಿದ್ದ. ಊಟ ಬೇಡ, ಗುಳಿಗೆ ಬೇಡ. ಅವ್ವ ಒಲೆಯ ಮುಂದೆ ಕುಳಿತಲ್ಲಿಂದಲೇ ಅಂದಳು:

"ಅವಂಗ ಖರೇ ತಿಳೀಲಿ ಬೇ ಇನ್ನ. ಇಲ್ಲಾಂದ್ರ ನಾಳೆ ನಾ ಹೋದಮ್ಯಾಲ ನಂದೂ ಹಿಂಗ ಹಾದಿ ಕಾಯ್ತಾನ."

ನಾನು ಅವನನ್ನು ಎಬ್ಬಿಸಿ ಎದುರು ಕಟ್ಟೆಗೆ ಕರೆದೊಯ್ದೆ. ಬಾಗಿಲಿಗೆ ಬೀಗ. ಅವನು ತನ್ನ ಜಾಗ ಹುಡುಕಿ ಕುಳಿತ, ಪಕ್ಕಕ್ಕೆ ಕೈ ಚಾಚಿದ. ಮೊಣಕಾಲು ಸಿಗಲಿಲ್ಲ. ಮೊರ ಸಿಗಲಿಲ್ಲ, ಎಲೆ ನೆನೆಸುವ ಬೋಗುಣಿ ಸಿಗಲಿಲ್ಲ. ಅವಳು ಕುಳಿತು ಕುಳಿತು ನುಣುಪಾದ ಕಲ್ಲು ಮಾತ್ರ ಇತ್ತು. ನಾನು ಅವನ ಅಂಗೈ ಹಿಡಿದು ಆ ಕಲ್ಲಿನ ಮೇಲಿಟ್ಟು, ಅಪ್ಪನ ಮುಖದ ಮೇಲೆ ಕಾಕು ಜಾರಿಸಿದಂತೆಯೇ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿದೆ. ಮಾಳಿಗೆಯ ನೆರಳಿಗೆ ಕಲ್ಲು ತಣ್ಣಗಿತ್ತು.

ತೂಗಾಟ ಈಗ ಶುರುವಾದೀತು, ಈಗ ಬಿದ್ದಾನು ಎಂದು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವನು ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಗವಸನ್ನು ಆ ಕಲ್ಲಿನ ಮೇಲಿಟ್ಟ. ನನ್ನ ಅಂಗೈ ತೆರೆದು ಬೀಡಿ ಹೊಸೆದ. ಆಮೇಲೆ ಕೈ ಎತ್ತಿ, ನನ್ನ ಮುಖ ತಡಕಿ, ಎಷ್ಟೋ ವರ್ಷಗಳಿಂದ ಮಾಡದಿದ್ದ ಗುರುತು ಮಾಡಿದ. ನನ್ನ ಮೇಲ್ದುಟಿಯ ಮೇಲೆ ಮೀಸೆ ಎಳೆದು, ಉತ್ತರಕ್ಕಾಗಿ ಅಂಗೈ ಚಾಚಿದ.

ನಾನು ತಟ್ಟಿದೆ.