ಮುಳುಗಿದ ಒಂಬತ್ತು ಬೀಜಗಳು

ಬೆಳಿಗ್ಗೆ ಬಚ್ಚಲಿನ ಬಕೆಟಿನ ಮುಚ್ಚಳ ತೆಗೆದದ್ದೇ ತಡ, ವಾಸನೆ ಅಡುಗೆಮನೆಗೆ ಮುಟ್ಟಿತು. "ಇದೆಂಥ ಮಾರಾಯ್ರೆ, ಹೆಗ್ಗಣ ಸತ್ತದ್ದಾ?" ಎಂದಳು ಹೆಂಡತಿ. ಹೆಗ್ಗಣವಲ್ಲ, ನಾಲ್ಕು ದಿನ ನೀರಲ್ಲಿ ನೆನೆದ ಶ್ರೀತಾಳೆಯ ಹಣ್ಣು. ನಿಮಗೂ ಎಂದಾದರೂ ತಾಳೆಬೀಜ ಬಿಡಿಸುವ ಯೋಗ ಬಂದೀತು, ಈಗಲೇ ಹೇಳಿಡುತ್ತೇನೆ. ಹಣ್ಣನ್ನು ಕೊಳೆಯಲು ಬಿಡಿ. ಗೋಣಿಚೀಲದಲ್ಲಿ ಮರಳಿನ ಜೊತೆ ಹಾಕಿ ತಿಕ್ಕಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಎರಡು ದಿನ ತುರಿಸಿಕೊಳ್ಳುತ್ತಾ ಕೂರಬೇಕಾದೀತು. ಹೆಂಡತಿ ಬಟ್ಟೆ ನೆನೆಸುವ ಬಕೆಟನ್ನು ಮಾತ್ರ ಮುಟ್ಟಬೇಡಿ. ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಕಲಿತದ್ದು ತೋಡಾರಿನ ಪದ್ಮಕ್ಕನ ಅಂಗಳದಲ್ಲಿ, ಅವರಿಗೆ ನಷ್ಟ ಮಾಡಿ.

ಮನೆಯ ಮೇಲೆ ಬೀಳುವಂತಿರುವ ಮರಗಳನ್ನು ಕಡಿದು ಸಾಗಿಸುವುದು ನನ್ನ ಕಸುಬು. ಮೆಲ್ಕಾರಿನಲ್ಲಿ ಒಂದು ಗರಗಸ, ಒಂದು ಬಾಯಿ ಇಟ್ಟುಕೊಂಡು ಶುರುಮಾಡಿದವನು. ಇಲ್ಲಿಯವರೆಗೆ ಹೆಚ್ಚು ದುಡಿದದ್ದು ಬಾಯಿಯೇ. ನಾಲ್ಕೈದು ವರ್ಷದ ಹಿಂದೆ ಪದ್ಮಕ್ಕನ ಮೈದುನ ಫೋನ್ ಮಾಡಿದರು. ಹಳೆಯ ಜೈನ ಮನೆ. ಅಂಗಳದ ಶ್ರೀತಾಳೆ ಹೂ ಬಿಟ್ಟಿತ್ತು. ಈ ಮರ ಬದುಕಿನಲ್ಲಿ ಹೂ ಬಿಡುವುದು ಒಂದೇ ಸಲ. ಹಣ್ಣು ಉದುರಿದ ಮೇಲೆ ತಾನೂ ಸಾಯುತ್ತದೆ. ನಮ್ಮ ಕಡೆ ಅದು ಹೂ ಬಿಟ್ಟರೆ ಊರಿಗೆ ಕೆಡುಕು ಎಂದು ಕಡಿಸಿಬಿಡುವವರೇ ಹೆಚ್ಚು. ಹಿಂದೆ ಬಸದಿಗಳಲ್ಲಿ ಗ್ರಂಥ ಬರೆದದ್ದು ಇದರ ಗರಿಯ ಮೇಲೆಯೇ, ಆದರೆ ಆ ಗೌರವ ಈ ಹೆದರಿಕೆಯ ಮುಂದೆ ನಿಲ್ಲುವುದಿಲ್ಲ. ಹೆದರಿದ ಮೈದುನನನ್ನು ಪದ್ಮಕ್ಕ ಎಂಟು ತಿಂಗಳು ಹೇಗೋ ತಡೆದಿದ್ದರು.

"ಇನ್ನು ನಾಲ್ಕು ತಿಂಗಳು ಬಿಡಿ," ಎಂದರು ನನ್ನಲ್ಲಿ. "ಇದರದ್ದೇ ಒಂದು ಗಿಡ ಈ ಅಂಗಳದಲ್ಲಿ ನಿಲ್ಲಬೇಕು. ಅಷ್ಟೇ ನನಗೆ."

"ಮಳೆ ಹಿಡಿದರೆ ಕ್ರೇನ್ ಇಲ್ಲಿಗೆ ಇಳಿಯುದಿಲ್ಲ ಅಕ್ಕ. ಈಗ ಮೂಡುಬಿದಿರೆಯಲ್ಲೇ ಉಂಟು. ಕಾಯಿ ಹೇಗೂ ಬಲಿತಿದೆ."

"ನಿಮಗೆ ಹೇಗೆ ಗೊತ್ತು?"

"ಬಿದ್ದದ್ದನ್ನು ಹಿಸುಕಿ ನೋಡಿದೆ. ಕಲ್ಲಿನ ಹಾಗೆ ಉಂಟು."

ಕಾಯಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾಲಿನ ಬಗ್ಗೆಯೇ ಗಟ್ಟಿಯಾಗಿ ಮಾತಾಡಬೇಕೆಂಬುದು ವ್ಯಾಪಾರ ಕಲಿಸಿದ ಪಾಠ. ನಾಲ್ಕು ತಿಂಗಳನ್ನು ನಾಲ್ಕು ದಿನಕ್ಕೆ ಇಳಿಸಿ, ಗೆದ್ದವನ ಹಾಗೆ ಸೀಟಿ ಹೊಡೆಯುತ್ತಾ ಮನೆಗೆ ಬಂದೆ.

ಮರ ಕಡಿದಾಯಿತು. ಪದ್ಮಕ್ಕ ಲಿಂಬೆಗಾತ್ರದ ಹಸಿರು ಕಾಯಿಗಳನ್ನು ಒಂದು ಗೋಣಿ ತುಂಬಿಸಿ, ಮೆತ್ತಗಾಗಲು ನೀರಲ್ಲಿಟ್ಟರು. ವಾರ ಕಳೆದು ಅವರದೇ ಫೋನ್: "ಕಡಿದವರು ತೊಳೆಯಲಿಕ್ಕೂ ಬನ್ನಿ." ಹೋದೆ. ಇಬ್ಬರೂ ಬರಿಗೈಯಲ್ಲಿ ತಿಕ್ಕಿ, ತುರಿಸಿಕೊಂಡು, ಮತ್ತೆ ತಿಕ್ಕಿ, ಬೀಜಗಳನ್ನು ನೀರಿನ ಹಂಡೆಗೆ ಸುರಿದೆವು. ಬಲಿತ ಬೀಜ ಮುಳುಗುತ್ತದೆ, ಎಳೆಯದು ತೇಲುತ್ತದೆ. ಹಂಡೆಯ ಬಾಯಿ ಮುಚ್ಚಿದ ಹಾಗೆ ಬೀಜಗಳು ತೇಲಿದವು. ಪದ್ಮಕ್ಕ ಅವನ್ನು ಕೈಯಿಂದ ಸರಿಸಿ ಸರಿಸಿ ತಳ ನೋಡಿದರು. ಒಂಬತ್ತು ಇದ್ದವು.

ಬೈದಿದ್ದರೆ ಏನಾದರೂ ಎದುರು ಹೇಳಿ ದಕ್ಕಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. "ಇರಲಿ. ನನಗೆ ಬೇಕಾದದ್ದು ಒಂದೇ ಅಲ್ಲವಾ," ಎಂದು ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ಒಂಬತ್ತನ್ನೂ ಅದರಲ್ಲಿ ಹೂತು, ಜಗಲಿಯ ಮೂಲೆಗಿಟ್ಟರು.

ಆಮೇಲೆ ಮೂಡುಬಿದಿರೆಯ ಕಡೆ ಏನೇ ಕೆಲಸವಿರಲಿ, ನನ್ನ ಬೈಕು ತಾನಾಗಿ ತೋಡಾರಿಗೆ ತಿರುಗುತ್ತಿತ್ತು. ತಿಂಗಳು ನಾಲ್ಕಾದರೂ ಚೀಲದಲ್ಲಿ ಹಸಿರಿನ ಸುಳಿವಿಲ್ಲ. ತೆಂಗಿನಕಾಯಿಯನ್ನೂ ಕುಲುಕಿಯೇ ಕೊಳ್ಳುವವನು ನಾನು, ಸುಮ್ಮನೆ ಕೂರಲಾದೀತೇ? ಪದ್ಮಕ್ಕ ಒಳಗೆ ಹೋದ ಹೊತ್ತು ನೋಡಿ ಮರಳಿಗೆ ಬೆರಳು ಹಾಕಿ ಒಂದು ಬೀಜ ಎತ್ತಿದೆ. ಬುಡದಲ್ಲಿ ಬಿಳಿ ಬಾಲದಂಥದ್ದು, ಎತ್ತುವಾಗಲೇ ಪಟಕ್ಕನೆ ತುಂಡಾಯಿತು. ಬೇರು ಬಂದಿದೆಯಲ್ಲ ಎಂಬ ಖುಷಿಯಲ್ಲಿ ಮತ್ತೆ ಹೂತಿಟ್ಟೆ. ಮುಂದಿನ ಸಲ ಮತ್ತೊಂದು.

ಗುರುವಾಯನಕೆರೆಯಲ್ಲಿ ಗಿಡ ಮಾರುವ ಹೆಂಗಸೊಬ್ಬರಿಗೆ ಈ ಬಾಲದ ಸಂಗತಿ ಹೇಳಿದಾಗ ಅವರು ನನ್ನ ಮುಖ ನೋಡಿದರು. "ಅದು ಬೇರಲ್ಲ ಅಣ್ಣ. ಮೊದಲು ಬಾಲ ಗೇಣುದ್ದ ಕೆಳಗೆ ಇಳಿಯುದು. ಗಿಡ ಇರುದು ಅದರ ತುದಿಯಲ್ಲಿ. ತುಂಡಾದರೆ ಮುಗೀತು."

ಅಲ್ಲಿಂದ ನೇರ ತೋಡಾರಿಗೆ ಹೋದೆ.

"ಅಕ್ಕ, ಒಂದು ತಪ್ಪಾಗಿದೆ. ಬೀಜ ಕಿತ್ತು ನೋಡಿದೆ. ಕಿತ್ತದ್ದು ಇನ್ನು ಹುಟ್ಟುದಿಲ್ಲವಂತೆ."

"ಎಷ್ಟು ಕಿತ್ತದ್ದು?"

"ಮೂರು."

ಅವರು ಚೀಲದ ಕಡೆಗೆ ನಡೆದರು.

"ಐದು."

"ಇದರಲ್ಲೂ ಚೌಕಾಸಿಯಾ?"

"ಎಂಟು," ಎಂದೆ. "ಒಂಬತ್ತನೆಯದಕ್ಕೆ ಕೈ ಹಾಕುವಾಗ ನೀವು ಚಾ ತಂದಿರಿ."

ಪದ್ಮಕ್ಕ ಚೀಲದ ಪಕ್ಕದಲ್ಲೇ ಕೂತುಬಿಟ್ಟರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. "ಆ ಚಾ ನಾನು ಮೊದಲ ದಿವಸವೇ ಬೇಗ ತರಬೇಕಿತ್ತು," ಎಂದರು.

ಮರುವರ್ಷ ಮಳೆ ಶುರುವಾದ ಮೇಲೆ ಒಂದು ದಿನ ಫೋನ್ ಬಂತು. "ಬಂದಿದೆ," ಎಂದಷ್ಟೇ ಹೇಳಿ ಇಟ್ಟರು. ಮಡಚಿದ ಬೀಸಣಿಗೆಯಂಥ ಒಂದೇ ಒಂದು ಎಲೆ.

ಈ ಬೆಳಿಗ್ಗೆ ನನ್ನ ಬಕೆಟಿನಲ್ಲಿದ್ದದ್ದು ಬೆಳ್ತಂಗಡಿ ಕಡೆಯ ಒಂದು ಮರದ ಹಣ್ಣು. ಹೂ ಬಿಟ್ಟ ಕೂಡಲೇ ಯಜಮಾನರು ಕಡಿಯಲು ಕರೆದಿದ್ದರು. ಹಣ್ಣು ತಾನಾಗಿ ಉದುರುವವರೆಗೆ ಮರ ನಿಲ್ಲಲಿ ಎಂದು ಅವರನ್ನು ಒಪ್ಪಿಸಲು ನಾನು ಖರ್ಚು ಮಾಡಿದ ಮಾತಿನಲ್ಲಿ ಹತ್ತು ಮರ ಕೊಳ್ಳಬಹುದಿತ್ತು. ಇವತ್ತು ತೊಳೆದು ನೀರಿಗೆ ಸುರಿದರೆ ಬೀಜಗಳು ದಡದಡನೆ ತಳ ಸೇರಿದವು. ಒಂದು ಹಿಡಿ ಕಟ್ಟಿಕೊಂಡು, ಎಷ್ಟು ಆಳಕ್ಕೆ ಹೂಳಬೇಕೆಂದು ಕೇಳುವ ನೆವದಲ್ಲಿ ತೋಡಾರಿಗೆ ಹೋದೆ.

ಪದ್ಮಕ್ಕನ ಗಿಡ ಅಂಗಳದಲ್ಲಿ ಮಂಡಿಯೆತ್ತರಕ್ಕೆ ನಿಂತಿದೆ. ಮೂರು ಎಲೆ, ನಾಲ್ಕನೆಯದು ಬಿಚ್ಚಿಕೊಳ್ಳುತ್ತಿತ್ತು.

"ಇನ್ನು ಹೆದರಿಕೆ ಇಲ್ಲ," ಎಂದರು. "ಬೇಕಾದರೆ ಮುಟ್ಟಿ ನೋಡಿ."

"ಬೇಡ ಅಕ್ಕ," ಎಂದೆ. "ಇಲ್ಲಿಂದಲೇ ಕಾಣ್ತದೆ."